ಶಾಂತಳ್ಳಿ ಕಡೆಯ ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ ಮಾಡಬಹುದೇ?

ಪುಷ್ಪಗಿರಿ ತಪ್ಪಲು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿಯಿಂದ ಮೇಲೆ, ಪುಷ್ಪಗಿರಿ ತಪ್ಪಲಿನ ಕಡೆ ನಮ್ಮ ಕುಟುಂಬಕ್ಕೆ ಆರು ಎಕರೆ ಜಾಗವಿದೆ. ಜೀಪು ಬಿಟ್ಟರೆ ಬೇರೆ ವಾಹನ ಹತ್ತದ ದಾರಿ, ಮಳೆಗಾಲದಲ್ಲಿ ಜೀಪೂ ಅನುಮಾನ. ಅಜ್ಜನ ಕಾಲದಲ್ಲಿ ಅಲ್ಲಿ ಏಲಕ್ಕಿ ಇತ್ತು. ಕಟ್ಟೆ ರೋಗ ಬಂದು ಗಿಡಗಳು ಹೋದ ಮೇಲೆ ಅರ್ಧದಷ್ಟು ಜಾಗದಲ್ಲಿ ಕಾಫಿ ಇಟ್ಟರು, ಉಳಿದದ್ದು ಪೊದೆ ಬೆಳೆದು ಪಾಳು ಬಿದ್ದಿದೆ. ಆ ಪಾಳು ಭಾಗ ಪೂರ್ವಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರು ನಿಲ್ಲುವುದಿಲ್ಲ. ಹೊರದೇಶಗಳಲ್ಲಿ ಇಂತಹ ಬೆಟ್ಟದ ಇಳಿಜಾರುಗಳಲ್ಲೇ ಒಳ್ಳೆಯ ವೈನ್ ದ್ರಾಕ್ಷಿ ಬೆಳೆಯುತ್ತಾರೆಂದು ಓದಿದ್ದೇನೆ. ನಮ್ಮ ಜಾಗ ಸಮುದ್ರ ಮಟ್ಟದಿಂದ ಸುಮಾರು 1100 ಮೀಟರ್ ಎತ್ತರದಲ್ಲಿದ್ದು, ಹವೆ ತಂಪಾಗಿರುವುದರಿಂದ ಇಲ್ಲಿಯೂ ಏಕೆ ಆಗಬಾರದು ಎಂಬುದು ನನ್ನ ಪ್ರಶ್ನೆ. ಯಾವ ತಳಿ ಇಡಬೇಕು, ಎಷ್ಟು ಬಂಡವಾಳ ಬೇಕು, ಅನುಮತಿ ಏನಾದರೂ ಬೇಕೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ವಿನಂತಿ.

ನಿವೃತ್ತ ತೋಟಗಾರಿಕೆ

ನಿಮ್ಮ ಪ್ರಶ್ನೆಯಲ್ಲಿ ಎತ್ತರ, ಇಳಿಜಾರು, ಬಿಸಿಲಿನ ದಿಕ್ಕು, ತಂಪು ಎಲ್ಲವೂ ಇವೆ. ಮಳೆಯ ಅಂಕಿ ಮಾತ್ರ ಇಲ್ಲ. ದ್ರಾಕ್ಷಿಯ ಮಟ್ಟಿಗೆ ಉಳಿದೆಲ್ಲವೂ ಮಳೆಯ ನಂತರದ ಮಾತು. ತೋಟಗಾರಿಕೆ ಇಲಾಖೆಯ ಸೇವೆಯಲ್ಲಿ ಕೋಲಾರದ ಕಡೆಯೂ ಕೊಡಗಿನಲ್ಲಿಯೂ ಇದ್ದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯೂರೋಪಿನಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ನಿದ್ರೆಗೆ ಹೋಗುತ್ತದೆ, ವಸಂತದಲ್ಲಿ ತಾನಾಗಿ ಚಿಗುರುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ಆ ನಿದ್ರೆಯಿಲ್ಲ, ಬಳ್ಳಿ ವರ್ಷವಿಡೀ ಹಸಿರಾಗಿರುತ್ತದೆ. ಆದ್ದರಿಂದ ದಖನ್ನಿನ ಬೆಳೆಗಾರರು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತಾರೆ. ಹಣ್ಣು ಮುಗಿದ ಮೇಲೆ, ಏಪ್ರಿಲ್ ಆಸುಪಾಸಿನಲ್ಲಿ, ಹೊಸ ಕಡ್ಡಿ ಬರಿಸುವುದಕ್ಕೆ ಒಂದು ಸವರುವಿಕೆ. ಅಕ್ಟೋಬರ್ ಆಸುಪಾಸಿನಲ್ಲಿ ಆ ಕಡ್ಡಿಗಳಿಂದ ಹಣ್ಣು ಬರಿಸುವುದಕ್ಕೆ ಇನ್ನೊಂದು. ಅಕ್ಟೋಬರಿನಲ್ಲಿ ಸವರಿದಾಗ ಚಿಗುರಿನೊಂದಿಗೆ ಹೊರಬರುವ ಗೊಂಚಲು ಆಗ ಹುಟ್ಟಿದ್ದಲ್ಲ. ಏಪ್ರಿಲ್ ಸವರುವಿಕೆಯ ನಂತರ ಸುಮಾರು 40ರಿಂದ 70 ದಿನಗಳ ನಡುವೆ, ಎಳೆಯ ಕಡ್ಡಿಯ ಕಣ್ಣಿನೊಳಗೇ ಅದು ರೂಪುಗೊಂಡು ಕುಳಿತಿರುತ್ತದೆ. ಆ ದಿನಗಳಲ್ಲಿ ಕಣ್ಣುಗಳ ಮೇಲೆ ಬಿಸಿಲು ಬಿದ್ದರೆ ಮಾತ್ರ ಗೊಂಚಲು ಕಟ್ಟುತ್ತದೆ. ಮೋಡ ಮುಚ್ಚಿದ್ದರೆ ಅದೇ ಕಣ್ಣು ಬರಿಯ ಕುಡಿಬಳ್ಳಿಯಾಗಿ ಹೊರಬರುತ್ತದೆ. ನಿಮ್ಮ ಜಾಗದಲ್ಲಿ ಆ ಹೊತ್ತು ಜೂನ್ ತಿಂಗಳಿಗೆ ಬಂದು ಬೀಳುತ್ತದೆ, ಜೂನಿನಲ್ಲಿ ಪುಷ್ಪಗಿರಿಯ ಮೇಲೆ ಬಿಸಿಲನ್ನು ಎಲ್ಲಿಂದ ತರುವುದು? ಅಲ್ಲಿ ಬಳ್ಳಿ ಸಾಯುವುದಿಲ್ಲ. ಚಪ್ಪರ ತುಂಬ ಹಬ್ಬಿ, ಕಣ್ಣಿಗೆ ಸೊಗಸಾಗಿ ಕಂಡು, ಹಣ್ಣು ಕೊಡದೆ ನಿಲ್ಲುತ್ತದೆ. ಮನೆಯಂಗಳದಲ್ಲಿ ಒಂದು ಬಳ್ಳಿ ಹಬ್ಬಿಸಿದ ಕೊಡಗಿನ ಅನೇಕರಿಗೆ ಇದು ಗೊತ್ತು.

ಎರಡನೆಯದು ಬೂಜು ತುಪ್ಪಟ ರೋಗ, ಬೆಳೆಗಾರರ ಬಾಯಲ್ಲಿ ಡೌನಿ. ಹತ್ತು ಡಿಗ್ರಿಗಿಂತ ಹೆಚ್ಚಿನ ಉಷ್ಣತೆ, ಹತ್ತು ಮಿಲಿಮೀಟರ್ ಮಳೆ, ಹತ್ತು ಸೆಂಟಿಮೀಟರ್ ಉದ್ದದ ಚಿಗುರು, ಈ ಮೂರು ಕೂಡಿದರೆ ರೋಗ ಶುರುವಾಗುತ್ತದೆಂದು ಹಳೆಯ ಲೆಕ್ಕವೊಂದಿದೆ. ಕೊಡಗಿನ ಮಳೆಗಾಲದ ಹೆಚ್ಚಿನ ದಿನಗಳು ಈ ಲೆಕ್ಕಕ್ಕೆ ಸಿಗುತ್ತವೆ. ಕಾಳುಮೆಣಸಿಗೆ ಸೊರಗು ರೋಗ ತರುವ ಫೈಟಾಪ್ತೊರಾ ಯಾವ ಗುಂಪಿನದೋ ಡೌನಿಯೂ ಅದೇ ಗುಂಪಿನದು, ಎರಡಕ್ಕೂ ನೀರೇ ವಾಹನ. ನಾವು ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣ ಮೊದಲು ಬಳಕೆಗೆ ಬಂದದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, ಇದೇ ಡೌನಿಯನ್ನು ತಡೆಯುವುದಕ್ಕಾಗಿ. 1885ರಲ್ಲಿ ಮಿಲ್ಲಾರ್ಡೆ ಎಂಬ ವಿಜ್ಞಾನಿ ಅದನ್ನು ಪ್ರಕಟಿಸಿದರು. ಆದರೆ ಹೊಡೆದ ಔಷಧಿ ಎಲೆಯ ಮೇಲೆ ಒಣಗಿ ನಿಲ್ಲುವಷ್ಟು ಮಳೆಯ ಬಿಡುವು ಬೇಕಲ್ಲ. ಸಾಲದ್ದಕ್ಕೆ ಮತ್ತೆ ಮತ್ತೆ ಹೊಡೆದ ಬೋರ್ಡೋದಲ್ಲಿರುವ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಹುಳಿ ಮಣ್ಣಿನಲ್ಲಿ ಅದು ಬೇರಿಗೆ ಇನ್ನಷ್ಟು ವಿಷ.

ಬಬಲೇಶ್ವರ ಪಡ

ನಮಸ್ಕಾರರೀ. ನಮ್ಮದು ವಿಜಯಪುರ ಜಿಲ್ಲೆ, ಒಣದ್ರಾಕ್ಷಿಗಾಗಿ ಥಾಮ್ಸನ್ ಸೀಡ್‌ಲೆಸ್ ತಳಿಯ ಪಡ, ಅಂದರೆ ದ್ರಾಕ್ಷಿ ತೋಟ, ಮಾಡಿದ್ದೇವೆ. ಹಿರಿಯರು ಹೇಳಿದ ಏಪ್ರಿಲ್ ಮತ್ತು ಅಕ್ಟೋಬರ್ ಸವರುವಿಕೆಗೆ ನಾವು ಚಾಟ್ನಿ ಎನ್ನುತ್ತೇವೆ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅಂದರೆ ನಿಮ್ಮ ಲೆಕ್ಕದಲ್ಲಿ 24 ಇಂಚು. ಅಷ್ಟು ಮಳೆಯಲ್ಲಿಯೇ, ಅಕ್ಟೋಬರ್ ಚಾಟ್ನಿಯಾದ ಮೇಲೆ ಒಂದು ವಾರ ಮೋಡ ಹಿಡಿದು ಜಿಟಿಜಿಟಿ ಹನಿಯಿತೆಂದರೆ ರಾತ್ರಿ ಹನ್ನೆರಡಕ್ಕೂ ಟ್ರ್ಯಾಕ್ಟರ್ ಹಚ್ಚಿ ಔಷಧಿ ಹೊಡೆಯುತ್ತೇವೆ. ಹೂವಿನ ಹಂತದಲ್ಲಿ ಡೌನಿ ಗೊಂಚಲಿಗೆ ಬಿತ್ತೆಂದರೆ ಆ ವರ್ಷ ಮುಗಿದ ಹಾಗೆ. ನೀವು ಬರೆದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಓಡುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಆ ವೇಗದಲ್ಲಿ ಮೂರು ಎಕರೆ ಹೊಡೆಯುವುದು ಆಗದ ಮಾತು.

ಆಳಿನ ಮಾತೂ ಇದೆ. ಚಾಟ್ನಿ ಮಾಡುವ, ಕಡ್ಡಿಗೆ ಔಷಧಿ ಹಚ್ಚುವ, ಕುಡಿ ಮುರಿಯುವ, ಗೊಂಚಲಿನಲ್ಲಿ ಕಾಯಿ ಬಿಡಿಸುವ ಕೆಲಸಗಳನ್ನು ಕಲಿತ ತಂಡಗಳು ನಮ್ಮ ಕಡೆ ಊರೂರಿಗೆ ಇವೆ. ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕೆಂಬುದು ಕೈಗೆ ಬರಲು ಕೆಲವು ಹಂಗಾಮುಗಳಾದರೂ ಬೇಕು. ಆ ತಂಡಗಳು ಶಾಂತಳ್ಳಿಗೆ ಬರುತ್ತವೆಂದು ನನಗೆ ಅನಿಸುವುದಿಲ್ಲರೀ, ಬಂದರೂ ಅಕ್ಟೋಬರಿನಲ್ಲಿ ನಮಗೇ ಸಿಗುವುದು ಕಷ್ಟ.

ಸುಂಟಿಕೊಪ್ಪದ ತೋಟಗಾರ್ತಿ

ಮೇಲಿನವರು ದ್ರಾಕ್ಷಿಯ ಕಡೆಯಿಂದ ಹೇಳಿದರು. ನಾನು ಕಾಫಿಯ ಕಡೆಯಿಂದ ಸೇರಿಸುತ್ತೇನೆ. ಫೆಬ್ರವರಿ ಕೊನೆಗೋ ಮಾರ್ಚಿಗೋ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ನಾವು ದೇವರಿಗೆ ಕೈಮುಗಿಯುತ್ತೇವೆ, ಅದರ ಹಿಂದೆ ಕಾಯಿ ಕಟ್ಟಲು ನೆರವಾಗುವ ಬ್ಯಾಕಿಂಗ್ ಮಳೆ ಬಂದರೆ ಇನ್ನೂ ಸಂತೋಷ. ಅದೇ ಹೊತ್ತಿಗೆ ದ್ರಾಕ್ಷಿ ಹಣ್ಣಾಗುತ್ತಿರುತ್ತದೆ. ಬಲಿತ ಹಣ್ಣಿನ ಮೇಲೆ ಮಳೆ ಬಿದ್ದರೆ ಸಿಪ್ಪೆ ಬಿರಿದು ಗೊಂಚಲು ಕೊಳೆಯುತ್ತದೆ. ಒಂದೇ ತೋಟದ ಮಾಲೀಕ ಅರ್ಧ ಜಾಗಕ್ಕೆ ಮಳೆ ಬರಲಿ ಎಂದೂ ಉಳಿದರ್ಧಕ್ಕೆ ಬಾರದಿರಲಿ ಎಂದೂ ಕಾಯಬೇಕಾದ ಬೆಳೆ ಇದು.

ಕೆಲಸದ ಹೊಂದಾಣಿಕೆಯೂ ಅಷ್ಟೇ. ದ್ರಾಕ್ಷಿಗೆ ಹೆಚ್ಚು ಕೈ ಬೇಕಾಗುವುದು ನವೆಂಬರಿನಿಂದ ಜನವರಿಯವರೆಗೆ. ನಮ್ಮಲ್ಲಿ ಅರೇಬಿಕಾ ಹಣ್ಣು ಕುಯ್ಯುವುದೂ ಆಗಲೇ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಆಮೇಲೆ ಮೆಣಸು. ಈಗಲೇ ಆಳು ಸಿಗದೆ ಹಣ್ಣು ನೆಲಕ್ಕೆ ಉದುರುವ ತೋಟಗಳಿವೆ. ಇರುವ ಕಾಫಿಯನ್ನು ಬಿಟ್ಟು ದ್ರಾಕ್ಷಿಗೆ ಆಳು ಕಳಿಸುವ ಧೈರ್ಯ ಯಾರಿಗಿದೆ?

ನನಗೆ ಇದಕ್ಕಿಂತ ದೊಡ್ಡ ಚಿಂತೆ ನಿಮ್ಮ ಇಳಿಜಾರಿನದು. ಕಾಫಿ ತೋಟದಲ್ಲಿ ಮೇಲೆ ನೆರಳು ಮರ, ನಡುವೆ ಕಾಫಿ, ಕೆಳಗೆ ತರಗೆಲೆ ಇರುವುದರಿಂದ ಮಳೆಯ ಹೊಡೆತ ಮಣ್ಣಿಗೆ ನೇರ ತಟ್ಟುವುದಿಲ್ಲ. ದ್ರಾಕ್ಷಿಗೆ ಪೂರ್ಣ ಬಿಸಿಲು ಬೇಕು, ಮರಗಸಿ ಮಾಡಿ ಕೊಂಬೆ ಕಡಿದರೆ ಸಾಲದು, ಮರವನ್ನೇ ತೆಗೆಯಬೇಕು. ಪೊದೆ ಸವರಿ, ಮರ ಕಡಿದು, ಜೆಸಿಬಿ ತಂದು ಮೆಟ್ಟಿಲು ಕಡಿದರೆ ಆ ಗುಡ್ಡ ಮೊದಲ ಆಗಸ್ಟಿನಲ್ಲಿಯೇ ಕೆಳಗಿನ ಗದ್ದೆಗೆ ಬರಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಳೆ ವಿಪರೀತವಾಗಿತ್ತು ನಿಜ, ಆದರೆ ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದೂ ಕುಸಿತಕ್ಕೆ ಕಾರಣವೆಂದು ಆಗ ಬಂದ ಭೂವಿಜ್ಞಾನಿಗಳು ಹೇಳಿದರು. ಕೆಳಗಿನ ಮನೆಯವರನ್ನೂ ಯೋಚಿಸಿ ಅಣ್ಣ.

ಆನೆ, ಮಂಗ, ಕೆಂಜಳಿಲು, ಬಾವಲಿ, ಗಿಳಿಗಳ ಬಗ್ಗೆ ಬರೆದರೆ ಪುಟ ಸಾಲದು, ಬಿಡುತ್ತೇನೆ.

ವೈನ್ ಆಸಕ್ತ

ಎಲ್ಲರೂ ಆಗದು ಎನ್ನುವುದೇ ಆಯಿತು. ಮಳೆ ಬೀಳುವ ದೇಶಗಳಲ್ಲಿ ಸಾಲುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ ದ್ರಾಕ್ಷಿ ಬೆಳೆಯುತ್ತಾರೆ, ಜಪಾನಿನಲ್ಲಿ ಇದು ಸಾಮಾನ್ಯ. ಕೊಡಗಿಗೆ ಬರುವ ಪ್ರವಾಸಿಗರ ಸಂಖ್ಯೆ ನೋಡಿದರೆ, ಹೋಂಸ್ಟೇ ಜೊತೆಗೆ ಒಂದು ಚಿಕ್ಕ ದ್ರಾಕ್ಷಿ ತೋಟ, ಅಲ್ಲೇ ತಯಾರಿಸಿದ ವೈನ್ ಎಂದರೆ ಜನ ಮುಗಿಬೀಳುತ್ತಾರೆ. ಇಳುವರಿಯ ಲೆಕ್ಕಕ್ಕಿಂತ ನೋಟದ ಲೆಕ್ಕ ಇಲ್ಲಿ ದೊಡ್ಡದು.

ನಿವೃತ್ತ ತೋಟಗಾರಿಕೆ

ಹೊದಿಕೆ ಎಲೆಯನ್ನು ಒಣಗಿಸಿಡುತ್ತದೆ, ಆದ್ದರಿಂದ ಡೌನಿ ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಮೋಡದ ಕೆಳಗೆ ಪ್ಲಾಸ್ಟಿಕ್ ಕಟ್ಟಿದರೆ ಬೆಳಕು ಇನ್ನಷ್ಟು ಕಡಿಮೆಯಾಗುವುದೇ ಹೊರತು ಹೆಚ್ಚಾಗುವುದಿಲ್ಲ, ಕಣ್ಣಿನೊಳಗೆ ಗೊಂಚಲು ಕಟ್ಟುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಜುಲೈ ಗಾಳಿಗೆ ಪುಷ್ಪಗಿರಿ ಬದಿಯಲ್ಲಿ ಸಿಲ್ವರ್ ಓಕ್ ಮುರಿದು ಬೀಳುತ್ತದೆ, ಪ್ಲಾಸ್ಟಿಕ್ ಹಾಳೆ ಎಷ್ಟು ದಿನ ನಿಂತೀತು? ಕುಶಾಲನಗರದ ಬಯಲಿನಲ್ಲಾದರೆ ಈ ಉಪಾಯಕ್ಕೆ ಅರ್ಥವಿದೆ.

ಕಂದಾಯ ಅನುಭವಿ

ಅನುಮತಿಯ ಬಗ್ಗೆ ಕೇಳಿದ್ದೀರಿ. ದ್ರಾಕ್ಷಿ ಬೆಳೆಯಲು ಪರವಾನಗಿ ಬೇಡ, ಅದು ಕೃಷಿಯೇ. ಮರ ಕಡಿಯುವುದಕ್ಕೆ ಮಾತ್ರ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜಾಗ ಬಾಣೆ, ಅಂದರೆ ಗದ್ದೆಗೆ ಸೇರಿಸಿ ಕೊಟ್ಟ ಮರಗಾಡಿನ ಜಾಗ, ಆಗಿದ್ದರೆ ಅದರ ಮೇಲಿನ ಮರದ ಹಕ್ಕು ಯಾರದೆಂಬುದನ್ನು ಆರ್‌ಟಿಸಿ (ಪಹಣಿ) ಮತ್ತು ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಹಳೆಯ ಜಮ್ಮಾ ದಾಖಲೆಗಳಲ್ಲಿ ಮೊದಲು ನೋಡಿಕೊಳ್ಳಿ. ಪುಷ್ಪಗಿರಿ ವನ್ಯಜೀವಿಧಾಮದ ಅಂಚಿನಲ್ಲಿದ್ದರೆ ಸರ್ವೆ ನಂಬರು ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ಕಾಫಿ, ಏಲಕ್ಕಿ, ಕಾಳುಮೆಣಸು, ರಬ್ಬರ್, ಚಹಾ ತೋಟಗಳಿಗೆ ಭೂಸುಧಾರಣಾ ಕಾಯ್ದೆಯಲ್ಲಿರುವ ಭೂಮಿತಿಯ ವಿನಾಯಿತಿ ದ್ರಾಕ್ಷಿಗಿಲ್ಲ. ಆರು ಎಕರೆಯವರಿಗೆ ಅದು ತಟ್ಟುವ ವಿಷಯವಲ್ಲ, ದೊಡ್ಡ ತೋಟದವರು ಗಮನಿಸಲಿ.

ವೈನ್ ತಯಾರಿಸಿ ಮಾರುವುದು ಪೂರ್ತಿ ಬೇರೆ ವಿಷಯ, ಅದು ಅಬಕಾರಿ ಇಲಾಖೆಗೆ ಸೇರಿದ್ದು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಅದಕ್ಕಾಗಿ ಮಂಡಳಿಯನ್ನೂ ರಚಿಸಿತು. ಆ ನೀತಿಯಿಂದ ವೈನರಿ ತೆರೆಯುವವರಿಗೆ ಅನುಕೂಲಗಳು ಬಂದವೇ ಹೊರತು ಪರವಾನಗಿಯ ಅಗತ್ಯ ತಪ್ಪಲಿಲ್ಲ. ಮಡಿಕೇರಿ ಪೇಟೆಯಲ್ಲಿ ಹೋಂ ಮೇಡ್ ವೈನ್ ಎಂದು ಬರೆದು ಮಾರುವುದನ್ನು ಕಂಡು ಇದಕ್ಕೆಲ್ಲ ಕಾಗದ ಬೇಡವೆಂದು ತಿಳಿಯಬೇಡಿ.

ಪುಷ್ಪಗಿರಿ ತಪ್ಪಲು

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆ. ನಮ್ಮ ಇಳಿಜಾರಿನಲ್ಲಿ 100 ಇಂಚು ದಾಟದ ವರ್ಷವಿಲ್ಲ. ಹಾಗಾಗಿ ಅಲ್ಲಿನ ವಿಚಾರವನ್ನು ಬಿಡುತ್ತಿದ್ದೇನೆ. ಅಕ್ಕನವರು ಹೇಳಿದಂತೆ ಪೊದೆಯನ್ನು ಪೂರ್ತಿ ಸವರದೆ, ಇರುವ ಮರಗಳ ಕೆಳಗೆ ಮತ್ತೆ ಏಲಕ್ಕಿ ಇಡುವುದೇ ಸರಿಯೆನಿಸುತ್ತದೆ.

ಆದರೆ ಹಿರಿಯರು ಕುಶಾಲನಗರದ ಬಯಲೆಂದದ್ದು ತಲೆಯಲ್ಲಿ ಉಳಿಯಿತು. ಶಿರಂಗಾಲದ ಕಡೆ ನನ್ನ ಮಾವನವರಿಗೆ ಎರಡು ಎಕರೆ ಖುಷ್ಕಿ ಜಮೀನಿದೆ. ಮುಸುಕಿನ ಜೋಳ ಹಾಕುತ್ತಾರೆ, ಕೆಲವು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ಕೊಳವೆ ಬಾವಿ ಇದೆ. ಅಲ್ಲಾದರೆ ಹೇಗೆ?

ಹೆಬ್ಬಾಲೆ ರೈತ

ನಮ್ಮ ಕಡೆಯ ಮಾತು ಬಂತು, ಆದ್ದರಿಂದ ಬರೆಯುತ್ತಿದ್ದೇನೆ. ಕೊಡಗೆಂದರೆ ಮಳೆನಾಡು ಎಂದೇ ಹೊರಗಿನವರ ಭಾವನೆ, ಆದರೆ ಭಾಗಮಂಡಲದಲ್ಲಿ 200 ಇಂಚು ಸುರಿಯುವ ವರ್ಷವೂ ಹೆಬ್ಬಾಲೆ, ತೊರೆನೂರು, ಶಿರಂಗಾಲದಲ್ಲಿ 40 ಇಂಚಿನ ಆಸುಪಾಸಿಗೆ ನಿಂತುಬಿಡುತ್ತದೆ. ಕಾವೇರಿ ದಾಟಿದರೆ ಪಿರಿಯಾಪಟ್ಟಣ, ಅಲ್ಲಿಂದಾಚೆ ಬಯಲುಸೀಮೆಯೇ.

ಶಿರಂಗಾಲದಲ್ಲಿ ನೀವು ಮೊದಲು ನೋಡಬೇಕಾದದ್ದು ಪಕ್ಕದ ಹೊಲ. ಜೋಳಕ್ಕೂ ಭತ್ತಕ್ಕೂ ಕಳೆ ಸಾಯಿಸಲು 2,4-ಡಿ ಹೊಡೆಯುತ್ತಾರೆ. ದ್ರಾಕ್ಷಿಗೆ ಅದರ ಗಾಳಿ ಸೋಕಿದರೂ ಎಲೆ ಬೀಸಣಿಗೆಯಂತೆ ಮುದುಡಿ ಚಿಗುರು ನಿಂತುಹೋಗುತ್ತದೆ. ಸುತ್ತಲಿನವರ ಜೊತೆ ಮಾತಾಡಿ ಒಪ್ಪಿಸದೆ ಒಂದು ಕಡ್ಡಿಯನ್ನೂ ನೆಡಬೇಡಿ. ಹಾರಂಗಿ ನಾಲೆಯ ಕೆಳಗಿನ ತಗ್ಗಾದರೆ ಬೇರಿನಲ್ಲಿ ನೀರು ನಿಲ್ಲುತ್ತದೆ, ಎತ್ತರದ ಭಾಗವನ್ನೇ ಆರಿಸಿ. ಶುಂಠಿ ಬೆಳೆದ ನೆಲವಾದ್ದರಿಂದ ಬೇರಿಗೆ ಬೀಳುವ ಜಂತುಹುಳುವಿನ ಪರೀಕ್ಷೆ, ಮಣ್ಣಿನ ಹುಳಿಯ ಪರೀಕ್ಷೆ ಎರಡನ್ನೂ ಮಾಡಿಸಿ.

ನಿವೃತ್ತ ತೋಟಗಾರಿಕೆ

ಈಗ ಚರ್ಚೆ ಸರಿಯಾದ ಜಾಗಕ್ಕೆ ಬಂದಿದೆ. ಪಶ್ಚಿಮ ಘಟ್ಟದ ಬುಡದಲ್ಲಿ ದ್ರಾಕ್ಷಿಯೇ ಇಲ್ಲವೆಂದಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಘಟ್ಟಕ್ಕೆ ಅಂಟಿಕೊಂಡೇ ಇದ್ದು ಪನ್ನೀರು ದ್ರಾಕ್ಷಿಗೆ ಹೆಸರಾಗಿದೆ. ಅದು ಮಳೆಯ ನೆರಳಿನ, ಅಂದರೆ ಘಟ್ಟ ಮಳೆಯನ್ನು ತಡೆಯುವ, ಬದಿಯಲ್ಲಿರುವುದೇ ಕಾರಣ. ಕೊಡಗಿನಲ್ಲಿ ಅಂತಹ ಬದಿ ಎಂದು ಹೇಳಬಹುದಾದದ್ದು ನೀವು ಹೇಳುವ ಪೂರ್ವದ ಅಂಚು ಮಾತ್ರ.

ಅಲ್ಲಿಯೂ ತಿಂಗಳುಗಳ ಲೆಕ್ಕ ಬಿಗಿಯಾಗಿದೆ. ಹಣ್ಣಿನ ಸವರುವಿಕೆಯನ್ನು ಅಕ್ಟೋಬರ್ ಮೊದಲಿಗೆ ಮಾಡಿದರೆ ಎಳೆ ಚಿಗುರಿಗೂ ಹೂವಿಗೂ ಹಿಂಗಾರು ಮಳೆ ಹೊಡೆಯುತ್ತದೆ. ನವೆಂಬರ್ ಕೊನೆಗೆ ತಳ್ಳಿದರೆ ಹಣ್ಣು ಮಾರ್ಚ್ ಕೊನೆಗೋ ಏಪ್ರಿಲಿಗೋ ಹೋಗಿ ಬೇಸಿಗೆಯ ಗುಡುಗು ಮಳೆಗೆ ಸಿಗುತ್ತದೆ. ಸವರಿದ ಮೇಲೆ ಹಣ್ಣಾಗಲು ತಳಿಯನ್ನು ನೋಡಿಕೊಂಡು ಸುಮಾರು 120ರಿಂದ 140 ದಿನ ಬೇಕು. ಆದ್ದರಿಂದ ಅಕ್ಟೋಬರ್ ಕೊನೆಯ ವಾರದಲ್ಲಿ ಸವರಿ, ಡಿಸೆಂಬರ್ ಹೊತ್ತಿಗೆ ಹೂವು ಮುಗಿಸಿ, ಮಾರ್ಚ್ ಮೊದಲರ್ಧದಲ್ಲಿ ಹಣ್ಣು ಇಳಿಸುವುದು ಒಂದು ದಾರಿ. ನಂತರ ಬಳ್ಳಿಗೆ ಎರಡು ಮೂರು ವಾರ ಬಿಡುವು ಕೊಟ್ಟು ಏಪ್ರಿಲ್ ಮೊದಲಿಗೇ ಕಡ್ಡಿಯ ಸವರುವಿಕೆ ಮಾಡಿದರೆ, ಗೊಂಚಲು ಕಟ್ಟುವ ದಿನಗಳ ದೊಡ್ಡ ಪಾಲು ಮೇ ತಿಂಗಳ ಬಿಸಿಲಿಗೆ ಸಿಗುತ್ತದೆ. ಮುಂಗಾರು ಬೇಗ ಹಿಡಿದ ವರ್ಷ ಈ ಲೆಕ್ಕ ತಪ್ಪುತ್ತದೆ, ಅದಕ್ಕೆ ಉಪಾಯವಿಲ್ಲ. ಮಳೆಗಾಲದಲ್ಲಿ ಇನ್ನೊಂದು ಬೆಳೆ ತೆಗೆಯುವ ಆಸೆಯನ್ನಂತೂ ಬಿಟ್ಟುಬಿಡಿ. ಆ ನಾಲ್ಕು ತಿಂಗಳು ಎಲೆಯನ್ನು ಉಳಿಸಿಕೊಳ್ಳುವುದೇ ಕೆಲಸ.

ತಳಿಯ ವಿಷಯಕ್ಕೆ ಬಂದರೆ, ಶಿರಾಜ್, ಕ್ಯಾಬರ್ನೆ ಎಂಬ ವಿದೇಶಿ ವೈನ್ ತಳಿಗಳ ಹೆಸರುಗಳಿಗೆ ಮನಸೋಲಬೇಡಿ. ಬೆಂಗಳೂರು ನೀಲಿ ಚಿಬ್ಬು ರೋಗವನ್ನು ಚೆನ್ನಾಗಿ ತಾಳುತ್ತದೆ, ಆದರೆ ಡೌನಿಗೆ ಅದೂ ತುತ್ತಾಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಶ್ಯಾಮ್, ಬೆಂಗಳೂರು ನೀಲಿ ಮತ್ತು ಬ್ಲ್ಯಾಕ್ ಚಂಪಾದ ಸಂಕರ, ಚಿಬ್ಬು ರೋಗ ತಾಳುತ್ತದೆ, ವೈನಿಗೂ ಆಗುತ್ತದೆ. ಬೀಜವಿಲ್ಲದ್ದು ಬೇಕಾದರೆ ಅರ್ಕಾ ನೀಲಮಣಿ. ಅದೇ ಸಂಸ್ಥೆಯ ಕೇಂದ್ರ ಚೆಟ್ಟಳ್ಳಿಯಲ್ಲಿಯೇ ಇದೆ. ಅಲ್ಲಿ ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್‌ಗಳ ಕೆಲಸ ಹೆಚ್ಚಾದರೂ ವಿಚಾರಿಸುವುದಕ್ಕೆ ಹತ್ತಿರದ ಜಾಗ. ಕಸಿ ಕಟ್ಟಲು ಬೇರುಗಿಡವಾಗಿ ಡಾಗ್‌ರಿಡ್ಜ್ ಬೇಕೆಂದು ನರ್ಸರಿಯವರು ಹೇಳಬಹುದು. ಉಪ್ಪು ನೆಲಕ್ಕೂ ಬರಕ್ಕೂ ಅದು ಒಳ್ಳೆಯದು. ನಿಮಗೆ ಆ ಎರಡೂ ತೊಂದರೆಯಿಲ್ಲ, ಬದಲಿಗೆ ಬಳ್ಳಿ ಸೊಕ್ಕಿ ಎಲೆಯೇ ಹೆಚ್ಚಾದೀತು.

ನಂದಿ ತಪ್ಪಲು

ನಾವು ಚಿಕ್ಕಬಳ್ಳಾಪುರದವರು, ಬೆಂಗಳೂರು ನೀಲಿಯನ್ನು ಸ್ವಂತ ಬೇರಿನ ಮೇಲೆಯೇ ಬೆಳೆಯುತ್ತೇವೆ. ಡಾಗ್‌ರಿಡ್ಜ್ ಬೇಡವೆಂಬ ಮಾತಿಗೆ ನನ್ನ ಸಹಮತವಿದೆ. ನಮ್ಮಲ್ಲಿ ವರ್ಷಕ್ಕೆ 30 ಇಂಚಿನ ಆಸುಪಾಸು ಮಳೆ, ನಿಮ್ಮ ಶಿರಂಗಾಲಕ್ಕೂ ನಮಗೂ ಅಂತರ ಬಹಳವಿಲ್ಲ, ಆದರೆ ನಮಗೆ ಜೂನ್ ಜುಲೈನಲ್ಲಿ ಬಿಸಿಲು ಹೆಚ್ಚು.

ನೀವು ಬಂಡವಾಳ ಕೇಳಿದ್ದಿರಿ, ಯಾರೂ ಹೇಳಲಿಲ್ಲ. ದ್ರಾಕ್ಷಿಯಲ್ಲಿ ಗಿಡದ ಖರ್ಚು ಸಣ್ಣದು, ಚಪ್ಪರದ್ದೇ ದೊಡ್ಡದು. ಕಲ್ಲು ಕಂಬ, ಸುತ್ತಲಿನ ಎಳೆತಕ್ಕೆ ಆಧಾರ, ತಂತಿ, ಹನಿ ನೀರಾವರಿ, ಮೇಲೆ ಹಕ್ಕಿ ಬಲೆ. ಇವೆಲ್ಲ ಮೊದಲ ಹಣ್ಣಿಗೆ ಮುಂಚೆಯೇ ಹೋಗುವ ಹಣ. ನೆಟ್ಟ ಮೇಲೆ ಮೊದಲ ಬೆಳೆಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಕಂಬದ ಕಲ್ಲು ನಮ್ಮೂರಿನ ಪಕ್ಕದಲ್ಲಿಯೇ ಸಿಗುವುದರಿಂದ ನಮಗೆ ಅಗ್ಗ, ನಿಮಗೆ ಸಾಗಣೆಯೇ ಕಲ್ಲಿನಷ್ಟಾದೀತು. ತೇವದ ಜಾಗದಲ್ಲಿ ತಲೆಯ ಮೇಲೆ ಹರಡುವ ಚಪ್ಪರಕ್ಕಿಂತ ವೈ ಆಕಾರದ ಹಂದರ ಮೇಲು, ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ಕಾಲು ಎಕರೆಗಿಂತ ಹೆಚ್ಚು ಮೊದಲಿಗೆ ಮಾಡಬೇಡಿ. ಆ ಹಣ್ಣನ್ನು ವೈನರಿಗೆ ಒಯ್ಯುವ ಯೋಚನೆ ಬೇಡ, ಲೋಡಿಗೂ ಆಗದಷ್ಟಿರುತ್ತದೆ. ಕುಶಾಲನಗರದ ರಸ್ತೆ ಬದಿಯಲ್ಲಿ ಹಣ್ಣಾಗಿಯೇ ಮಾರಿಹೋಗುತ್ತದೆ.

ಸುಂಟಿಕೊಪ್ಪದ ತೋಟಗಾರ್ತಿ

ಕಾಲು ಎಕರೆಯಾದರೆ ಆಳಿನ ಪ್ರಶ್ನೆಯೂ ಹಗುರವಾಯಿತು, ಮನೆಯವರೇ ಕತ್ತರಿ ಹಿಡಿಯಬಹುದು. ಡಿಸೆಂಬರ್, ಜನವರಿಯ ಇಬ್ಬನಿಯನ್ನು ಮಾತ್ರ ಯಾರೂ ಹೇಳಲಿಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಎಲೆ ಒದ್ದೆಯಾಗಿಯೇ ಇರುವ ದಿನಗಳು ಆ ಕಡೆಯೂ ಇವೆ.

ನಿವೃತ್ತ ತೋಟಗಾರಿಕೆ

ಒಳ್ಳೆಯ ಮಾತು. ಸಾಲುಗಳನ್ನು ಉತ್ತರ ದಕ್ಷಿಣಕ್ಕೆ ಹಾಕಿ, ಗೊಂಚಲಿನ ಸುತ್ತಲ ಎಲೆಯನ್ನು ಪೂರ್ವದ ಬದಿಯಲ್ಲಿ ತೆಳುಮಾಡಿದರೆ ಬೆಳಗಿನ ಬಿಸಿಲಿಗೆ ಇಬ್ಬನಿ ಬೇಗ ಆರುತ್ತದೆ. ಪಶ್ಚಿಮದ ಬದಿಯ ಎಲೆಯನ್ನು ಹಾಗೆಯೇ ಬಿಡಿ, ಇಲ್ಲವಾದರೆ ಮಾರ್ಚಿನ ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಡುತ್ತದೆ.

ಪುಷ್ಪಗಿರಿ ತಪ್ಪಲು

ಮಾವನವರೊಂದಿಗೆ ಮಾತಾಡಿದೆ. ಪಕ್ಕದ ಜೋಳದ ಹೊಲದವರು ಅವರ ದಾಯಾದಿಗಳೇ ಆದ್ದರಿಂದ 2,4-ಡಿ ಬದಲು ಕೈಯಲ್ಲಿ ಕಳೆ ತೆಗೆಸಲು ಒಪ್ಪಿದ್ದಾರೆ, ಕೂಲಿಯಲ್ಲಿ ಅರ್ಧ ನಾವು ಕೊಡಬೇಕೆಂದು ಮಾತಾಗಿದೆ. ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕೊಡುತ್ತೇವೆ. ಎತ್ತರದ ಭಾಗದಲ್ಲಿ ಕಾಲು ಎಕರೆ, ವೈ ಹಂದರ, ಅರ್ಧ ಬೆಂಗಳೂರು ನೀಲಿ, ಅರ್ಧ ಅರ್ಕಾ ಶ್ಯಾಮ್ ಎಂದುಕೊಂಡಿದ್ದೇವೆ. ಬೆಂಗಳೂರು ನೀಲಿಯ ಕಡ್ಡಿಗಳನ್ನು ಚಿಕ್ಕಬಳ್ಳಾಪುರದಿಂದಲೇ ತರುವುದಾದರೆ ಯಾವ ತಿಂಗಳಲ್ಲಿ ಬರಬೇಕು?

ನಂದಿ ತಪ್ಪಲು

ಅಕ್ಟೋಬರ್ ಸವರುವಿಕೆಯ ಹೊತ್ತಿಗೆ ಬನ್ನಿ, ಆಗ ಬಲಿತ ಕಡ್ಡಿ ರಾಶಿ ಬಿದ್ದಿರುತ್ತದೆ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ ತುಂಡುಗಳನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದು ಅಂದೇ ಪಾಲಿಥೀನ್ ಚೀಲಗಳಲ್ಲಿ ನೆಡಿ. ಬೇರು ಬಿಟ್ಟ ಗಿಡಗಳನ್ನು ಜನವರಿ ಕೊನೆಗೆ ಗುಂಡಿಗೆ ಇಟ್ಟರೆ ಮಳೆಗಾಲಕ್ಕೆ ಮುಂಚೆ ಕಾಂಡ ತಂತಿ ಮುಟ್ಟುತ್ತದೆ. ಕಡ್ಡಿಯ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿಕೊಳ್ಳಿ; ನೆಡುವಾಗ ತಲೆಕೆಳಗಾಗದಿರಲು ಅದೇ ಗುರುತು.